ಲಘುಪ್ರಬಂಧದ ಗುರುತ್ವ

ನಮ್ಮ ಸಾಹಿತ್ಯದ ಊಟದೆಲೆಯಲ್ಲಿ ಲಲಿತ ಪ್ರಬಂಧಕ್ಕೆ ಸಿಕ್ಕಿರುವ ಸ್ಥಾನ ಉಪ್ಪಿನಕಾಯಿಯದು. ಎಲೆಯ ತುದಿಯಲ್ಲಿ ಅದು ಇರಲೇಬೇಕು. ಇಲ್ಲದಿದ್ದರೆ ಬಡಿಸುವವರ ಮರ್ಯಾದೆಗೆ ಕುಂದು. ಆದರೆ ಅದನ್ನೇ ಊಟವೆಂದು ಯಾರೂ ಎಣಿಸುವುದಿಲ್ಲ. ಕಾವ್ಯ, ಕಾದಂಬರಿ, ನಾಟಕಗಳನ್ನು ಕುರಿತು ಗ್ರಂಥಗಳ ಮೇಲೆ ಗ್ರಂಥಗಳು ಬಂದಿವೆ. ಹರಟೆಯ ಮಾತು ಬಂದಾಗ ಮಾತ್ರ ನಮ್ಮ ವಿಮರ್ಶಕರು 'ತಿಳಿಹಾಸ್ಯ', 'ಲವಲವಿಕೆಯ ಶೈಲಿ' ಎಂಬ ಎರಡು ಮಾತುಗಳನ್ನು ತೀರ್ಥಪ್ರಸಾದದಂತೆ ಹಂಚಿ ಮುಂದಕ್ಕೆ ಸಾಗುತ್ತಾರೆ. ಕಾಲೇಜಿನ ಪಠ್ಯದಲ್ಲಿಯೂ ಅಷ್ಟೆ. ಕಷ್ಟವಾದ ಪದ್ಯಭಾಗದ ನಡುವೆ ಹುಡುಗರಿಗೆ ಉಸಿರಾಡುವುದಕ್ಕೆ ಒಂದು ಕಿಟಕಿ ಇರಲಿ ಎಂದು ಒಂದು ಹರಟೆಯನ್ನು ಸೇರಿಸುವ ವಾಡಿಕೆ ಇದೆ.

ಈ ಧೋರಣೆ ಸರಿಯೆ? ನಿತ್ಯದ ಬದುಕನ್ನು ಆಟದ ಮನಸ್ಸಿನಿಂದ ನೋಡುವ ಬರವಣಿಗೆ ಬದುಕನ್ನು ಹಗುರ ಮಾಡುತ್ತದೆಯೆ, ಅಥವಾ ಬದುಕನ್ನು ಹಗುರವಾಗಿ ಕಾಣುತ್ತದೆಯೆ? ಕೇಳುವುದಕ್ಕೆ ಇವೆರಡೂ ಒಂದೇ ಮಾತಿನಂತೆ ತೋರಬಹುದು. ಆದರೆ ಮೊದಲನೆಯದು ಹೊರೆ ಹೊತ್ತವನ ತಲೆಯ ಮೇಲೆ ಸಿಂಬಿಯನ್ನಿಡುವ ಕೆಲಸ. ಎರಡನೆಯದು ಹೊರೆಯೇ ಇಲ್ಲವೆಂದು ಅವನಿಗೆ ಹೇಳುವ ಕೆಲಸ. ಒಂದು ಉಪಕಾರ, ಇನ್ನೊಂದು ಅಪಹಾಸ್ಯ. ಈ ಭೇದವನ್ನು ಹಿಡಿದುಕೊಂಡು ನಮ್ಮ ಹರಟೆಯ ಸಾಹಿತ್ಯವನ್ನು ಸ್ವಲ್ಪ ಪರೀಕ್ಷಿಸಬಹುದೆಂದು ನನಗೆ ತೋರುತ್ತದೆ.

ಪರೀಕ್ಷೆಗೆ ಒಂದು ಕೃತಿಯನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಎ. ಎನ್. ಮೂರ್ತಿರಾಯರ (1900–2003) 'ವ್ಯಾಘ್ರಗೀತೆ'ಯನ್ನೇ ತೆಗೆದುಕೊಳ್ಳೋಣ. ಹತ್ತನೆಯ ತರಗತಿಯ ಪಠ್ಯದಲ್ಲಿ ಬಂದ ಕಾರಣ ಇದನ್ನು ಓದಿದ ಮಕ್ಕಳ ಸಂಖ್ಯೆ ದೊಡ್ಡದು. ಅವರ ತಂದೆತಾಯಿಗಳೂ ಪಾಠ ಹೇಳಿಕೊಡುವ ನೆಪದಲ್ಲಿ ಓದಿದ್ದಾರು. ನಮ್ಮ ತುಮಕೂರು ಸೀಮೆಯವರಿಗೆ ಇದರ ಮೇಲೆ ಇನ್ನೊಂದು ಅಭಿಮಾನವೂ ಉಂಟು. ಕಥೆ ನಡೆಯುವ ಮದಲಿಂಗನ ಕಣಿವೆ ಚಿಕ್ಕನಾಯಕನಹಳ್ಳಿಯ ಕಡೆಯದು. ಬೆಳ್ಳಾವಿಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನಗೆ ನೆರೆಯೂರಿನ ಸುದ್ದಿಯಂತೆ ಅದು ಕೇಳಿಸುತ್ತದೆ.

ಕಥೆ ಸರಳವಾದದ್ದು. ಒಬ್ಬ ಶಾನುಭೋಗರು ಖಿರ್ದಿ ಪುಸ್ತಕವನ್ನು ಹಿಡಿದುಕೊಂಡು ಕಣಿವೆಯ ದಾರಿಯಲ್ಲಿ ನಡೆದುಹೋಗುತ್ತಿದ್ದಾರೆ. ಹಸಿದ ಹುಲಿಯೊಂದು ಅವರನ್ನು ಕಾಣುತ್ತದೆ. ಆದರೆ ಅದು ಭರತಖಂಡದ ಹುಲಿ. ಧರ್ಮವನ್ನು ತಿಳಿದ ಹುಲಿ. ಬೆನ್ನಿನ ಕಡೆಯಿಂದ ಹಾರಿ ಕೊಲ್ಲುವುದು ಅದಕ್ಕೆ ಒಪ್ಪದು. ಎದುರಿಗೆ ಬಂದು ನ್ಯಾಯವಾಗಿ ತಿನ್ನಬೇಕೆಂಬುದು ಅದರ ವ್ರತ. ಶಾನುಭೋಗರಿಗೆ ಈ ಧರ್ಮಸೂಕ್ಷ್ಮ ಹೊಳೆಯುತ್ತದೆ. ಹುಲಿ ಯಾವ ಕಡೆಗೆ ಸುತ್ತಿ ಬಂದರೂ ಅವರು ಅತ್ತ ಬೆನ್ನು ಮಾಡುತ್ತಾರೆ. ಕೊನೆಗೆ ಕೈಯಲ್ಲಿದ್ದ ಖಿರ್ದಿ ಪುಸ್ತಕವೇ ಅವರ ಬ್ರಹ್ಮಾಸ್ತ್ರವಾಗುತ್ತದೆ. ದಾರಿಯಲ್ಲಿ ಬಂದ ಗಾಡಿಯವರಿಂದ ಜೀವ ಉಳಿಯುತ್ತದೆ.

ಪರೀಕ್ಷೆಯಲ್ಲಿ ಈ ಪಾಠದ ಮೇಲೆ ಬರುವ ಪ್ರಶ್ನೆ ಗೊತ್ತೇ ಇದೆ: 'ಶಾನುಭೋಗರನ್ನು ರಕ್ಷಿಸಿದ ಬ್ರಹ್ಮಾಸ್ತ್ರ ಯಾವುದು?' ಒಂದು ಅಂಕ. ಖಿರ್ದಿ ಪುಸ್ತಕ ಎಂದು ಬರೆದ ಹುಡುಗ ಅಂಕವನ್ನು ಪಡೆಯುತ್ತಾನೆ. ಖಿರ್ದಿ ಎಂದರೇನೆಂದು ಅವನಿಗೆ ಗೊತ್ತಿದೆಯೆ? ವಂಶಪಾರಂಪರ್ಯದ ಶಾನುಭೋಗಿಕೆಯನ್ನು ರದ್ದುಮಾಡುವ ಕಾನೂನು ಬಂದದ್ದು 1961ರಲ್ಲಿ. ಇಂದಿನ ಹುಡುಗನ ಪಾಲಿಗೆ ಶಾನುಭೋಗರೂ ಕಣಿವೆಯ ಹುಲಿಯೂ ಒಂದೇ ರೀತಿಯಲ್ಲಿ ಕಥೆಯ ಪ್ರಾಣಿಗಳು. ಆದ್ದರಿಂದ ಅವನು ನಗುವುದು ಹುಲಿಯನ್ನು ನೋಡಿ. ಹಳ್ಳಿಯಲ್ಲಿ ಹಿಂದೆ ಬಾಳಿದವನಾದರೆ ಪುಸ್ತಕವನ್ನು ನೋಡಿ ನಗುತ್ತಿದ್ದ. ಯಾವ ಪುಸ್ತಕದಲ್ಲಿ ಒಂದು ಗೆರೆ ಹೆಚ್ಚುಕಡಿಮೆಯಾದರೆ ರೈತನ ಎದೆ ನಡುಗುತ್ತಿತ್ತೊ, ಆ ಪುಸ್ತಕಕ್ಕೆ ಹುಲಿಯೂ ಬೆದರಿತು ಎಂಬಲ್ಲಿ ಇದೆ ವಿನೋದದ ತಿರುಳು.

ಇಲ್ಲಿ ಆಟವೆಂಬುದು ಹೇಗೆ ಕೆಲಸ ಮಾಡುತ್ತಿದೆ ನೋಡಿ. ಹಾಲೆಂಡಿನ ಇತಿಹಾಸಕಾರ ಯೋಹಾನ್ ಹೂಯಿಜಿಂಗ 1938ರಲ್ಲಿ 'ಹೋಮೋ ಲೂಡೆನ್ಸ್' ಎಂಬ ಪ್ರಸಿದ್ಧ ಗ್ರಂಥವನ್ನು ಬರೆದ. ಮನುಷ್ಯನ ಸಂಸ್ಕೃತಿ ಆಟದಲ್ಲಿಯೇ ಹುಟ್ಟಿ ಬೆಳೆದದ್ದೆಂಬುದು ಅದರ ವಾದ. ಆಟಕ್ಕೆ ತನ್ನದೇ ಆದ ಕಣ, ಕಾಲ, ನಿಯಮಗಳಿರುತ್ತವೆ ಎಂದು ಹೇಳುತ್ತ ಆತ ಇಬ್ಬರನ್ನು ಬೇರ್ಪಡಿಸಿ ತೋರಿಸುತ್ತಾನೆ: ನಿಯಮವನ್ನು ಒಪ್ಪಿದಂತೆ ನಟಿಸಿ ಒಳಗೊಳಗೇ ಮೋಸ ಮಾಡುವ ಕಳ್ಳಾಟದವನು ಒಬ್ಬ, ನಿಯಮವನ್ನೇ ಕಿತ್ತೆಸೆದು ಆಟವನ್ನು ಕೆಡಿಸುವವನು ಇನ್ನೊಬ್ಬ. ಈ ಕನ್ನಡಿಯಲ್ಲಿ ನೋಡಿದರೆ 'ವ್ಯಾಘ್ರಗೀತೆ'ಯ ರಚನೆ ಸ್ಫುಟವಾಗಿ ಕಾಣುತ್ತದೆ. ಹುಲಿ ನಿಯಮವನ್ನು ಮನಸಾರೆ ಪಾಲಿಸುವ ಆಟಗಾರ. ಶಾನುಭೋಗರು ಎದುರಾಳಿಯ ನಿಯಮವನ್ನು ಚೆನ್ನಾಗಿ ಓದಿಕೊಂಡು ಅದನ್ನೇ ತಮ್ಮ ಗುರಾಣಿ ಮಾಡಿಕೊಳ್ಳುವ ಚತುರ. ಕಾನೂನಿನ ಅಕ್ಷರವನ್ನು ಹಿಡಿದು ಬದುಕಿದವರಿಗೆ ಈ ಚಾತುರ್ಯ ವೃತ್ತಿಯಿಂದಲೇ ಬಂದದ್ದು. ಸ್ವಧರ್ಮವನ್ನು ಬಿಡದವರು ಇಬ್ಬರೂ ಹೌದು. ಆದರೆ ಒಬ್ಬರ ಧರ್ಮ ಹಸಿವನ್ನು ತಂದಿತು, ಇನ್ನೊಬ್ಬರ ಧರ್ಮ ಪ್ರಾಣವನ್ನು ಉಳಿಸಿತು. ಧರ್ಮಗ್ರಂಥಗಳ ಮೇಲೆ ಒಂದು ಕಟುಮಾತನ್ನೂ ಆಡದೆ, ಧರ್ಮವನ್ನು ನಂಬಿದವನೇ ಸೋಲುವ ಲೋಕದ ರೀತಿಯನ್ನು ಮೂರ್ತಿರಾಯರು ತೋರಿಸಿಬಿಟ್ಟಿದ್ದಾರೆ. ಇದು ಲಘುವಾದ ಮಾತೆ?

ಆದರೂ ಒಂದು ಆಕ್ಷೇಪಕ್ಕೆ ಎಡೆಯಿದೆ. ಮೂರ್ತಿರಾಯರು ಶಾನುಭೋಗರನ್ನು ಬಹು ಮೃದುವಾಗಿ ಕಾಣುತ್ತಾರೆ. ನಗುವಿನ ಬಿಸಿಲು ಅವರಿಗೆ ತಗಲುತ್ತದೆ, ಸುಡುವುದಿಲ್ಲ. ಆ ಖಿರ್ದಿಯಲ್ಲಿ ಹೆಸರು ಬರೆಸಿಕೊಂಡ ರೈತ ಈ ಕಥೆಯನ್ನು ಹೇಳಿದ್ದರೆ ಪುಸ್ತಕವೂ ಹುಲಿಯೂ ಒಂದೇ ಪಕ್ಷದಲ್ಲಿ ನಿಲ್ಲುತ್ತಿದ್ದವೊ ಏನೊ. ಇದು ಮೂರ್ತಿರಾಯರೊಬ್ಬರ ಮಿತಿಯಲ್ಲ. 'ಹಗಲುಗನಸುಗಳು' ಸಂಗ್ರಹದ ಕಾಲದಲ್ಲಿ, ಎಂದರೆ ಮೂವತ್ತರ ದಶಕದಲ್ಲಿ, ಕಣ್ಣು ಬಿಟ್ಟ ನಮ್ಮ ಲಲಿತ ಪ್ರಬಂಧದ ಬಹುಭಾಗಕ್ಕೆ ಈ ಮಾತು ಸಲ್ಲುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಚಿತ್ರಗಳು' ಮತ್ತು ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಬಂದದ್ದೂ ಆ ಅವಧಿಯಲ್ಲಿಯೇ. ಓದುಬರಹ ಬಲ್ಲವರ ಜಗಲಿಯ ಮೇಲೆ ಕುಳಿತು ಲೋಕವನ್ನು ನೋಡಿದ ನೋಟ ಅದರಲ್ಲಿ ಎಷ್ಟೋ ಕಡೆ ಇದೆ. ಈ ಕಾರಣದಿಂದಲೇ ಕೆಲವರು ಹರಟೆಯನ್ನು 'ಹೊಟ್ಟೆ ತುಂಬಿದವರ ವಿನೋದ' ಎಂದು ತಳ್ಳಿಹಾಕುತ್ತಾರೆ.

ಈ ತಳ್ಳಿಹಾಕುವಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಆಟದ ಮನಸ್ಸು ಬಿಡುವಿನಿಂದ ಹುಟ್ಟುತ್ತದೆ ಎಂಬುದು ಬಿಡುವಿದ್ದವರೇ ಹಬ್ಬಿಸಿದ ಸುದ್ದಿ. ಚಾರ್ಲ್ಸ್ ಲ್ಯಾಂಬನನ್ನು ನೆನೆಯಿರಿ. ಇಂಗ್ಲಿಷ್ ಪ್ರಬಂಧಕಾರರಲ್ಲಿ ಅವನಷ್ಟು ಲೀಲೆಯಿಂದ ಬರೆದವರು ವಿರಳ. ಅವನು 1792ರಿಂದ 1825ರವರೆಗೆ, ಮೂವತ್ತಮೂರು ವರ್ಷಗಳ ಕಾಲ, ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ತನ್ನ ನಿಜವಾದ ಕೃತಿಗಳು ಆ ಕಚೇರಿಯ ಕಪಾಟುಗಳಲ್ಲಿರುವ ಲೆಕ್ಕದ ಪುಸ್ತಕಗಳೇ ಎಂದು ಅವನು ತಮಾಷೆಯಾಗಿ ಹೇಳಿಕೊಂಡದ್ದುಂಟು. ಎಂದರೆ ಅವನ ಕೈಯಲ್ಲೂ ಒಂದು ಖಿರ್ದಿ ಇತ್ತು. ಇನ್ನು ಮನೆಯ ಸಂಗತಿ: 1796ರಲ್ಲಿ ಅವನ ಅಕ್ಕ ಮೇರಿ ಬುದ್ಧಿಭ್ರಮಣೆಯ ಆವೇಶದಲ್ಲಿ ಹೆತ್ತ ತಾಯಿಯನ್ನೇ ಇರಿದು ಕೊಂದಳು. ಲ್ಯಾಂಬ್ ಮದುವೆಯಾಗದೆ ಕೊನೆಯವರೆಗೂ ಆ ಅಕ್ಕನನ್ನು ನೋಡಿಕೊಂಡ. ಅಕ್ಕತಮ್ಮಂದಿರು ಸೇರಿ ಮಕ್ಕಳಿಗೆ ಶೇಕ್ಸ್‌ಪಿಯರನ ಕಥೆಗಳನ್ನು ಬರೆದರು; ಅದು 1807ರಲ್ಲಿ ಅಚ್ಚಾಯಿತು. ಇದನ್ನು ಹೊಟ್ಟೆ ತುಂಬಿದವರ ವಿನೋದವೆನ್ನುವ ಧೈರ್ಯ ಯಾರಿಗಿದೆ?

ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಬೆಳ್ಳಾವಿಯ ಸುತ್ತಿನದು ರಾಗಿಯ, ತೆಂಗಿನ ಸೀಮೆ. ಮಿಲ್ಲುಗಳು ಬರುವ ಮೊದಲು ಮನೆಮನೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ರಾಗಿಕಲ್ಲು ತಿರುಗಬೇಕಾಗಿತ್ತು. ರಟ್ಟೆ ಮುರಿಯುವ ಆ ಕೆಲಸಕ್ಕೆ ಹೆಂಗಸರು ಹಾಡನ್ನು ಕಟ್ಟಿದರು. ಕಲ್ಲಿನ ಸುತ್ತು ತಾಳವಾಯಿತು. ಎದುರುಬದುರಾಗಿ ಕುಳಿತ ಇಬ್ಬರಲ್ಲಿ ಒಬ್ಬಳು ಎತ್ತಿಕೊಟ್ಟ ನುಡಿಯನ್ನು ಇನ್ನೊಬ್ಬಳು ಮುಗಿಸಬೇಕಾದ ಪಂದ್ಯವಾಯಿತು. ಉತ್ತರ ಕರ್ನಾಟಕದ ಇಂಥ ಪದಗಳನ್ನು ಹಲಸಂಗಿಯ ಗೆಳೆಯರು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಎಂದು ಹೊರತಂದಾಗ ನಮ್ಮ ವಿದ್ವಾಂಸರು ಬೆರಗಾದರು. ಒಗಟುಗಳನ್ನು ನೋಡಿ. ಒಲೆ, ಒನಕೆ, ಬೀಗ, ಈರುಳ್ಳಿ, ತೆಂಗಿನಕಾಯಿ, ದಿನವೂ ಕೈಗೆ ತಗಲಿ ತಗಲಿ ಕಣ್ಣಿಗೆ ಕಾಣದಂತಾಗಿರುವ ವಸ್ತುಗಳು, ಒಗಟಿನಲ್ಲಿ ಒಂದು ಕ್ಷಣ ವೇಷ ಹಾಕಿಕೊಂಡು ಬಂದು ನಮ್ಮನ್ನು ಬೇಸ್ತುಬೀಳಿಸಿ ಮತ್ತೆ ತಮ್ಮ ರೂಪವನ್ನು ತೋರುತ್ತವೆ. ಉತ್ತರ ತಿಳಿದ ಮೇಲೆ ಆ ಈರುಳ್ಳಿ ಹಿಂದಿನ ಈರುಳ್ಳಿಯಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆಯಿದ್ದ ಕಾಲದಲ್ಲಿ ಆ ಕಟ್ಟಳೆಯನ್ನೇ ಆಟವಾಗಿ ತಿರುಗಿಸಿ, ಒಡಪಿನೊಳಗೆ ಹೆಸರನ್ನು ಹುದುಗಿಸಿ ಹೇಳಿದ ಹೆಣ್ಣುಮಕ್ಕಳ ಜಾಣ್ಮೆ ಯಾವ ಪ್ರಬಂಧಕಾರನಿಗೆ ಕಡಮೆಯದು? ಬಿಡುವೇ ಇಲ್ಲದವರು ಕಂಡುಕೊಂಡ ಆಟ ಇದು. ನಮ್ಮ ಹರಟೆಯ ಅಜ್ಜಿ ಲಂಡನ್ನಿನಲ್ಲಿಲ್ಲ. ರಾಗಿಕಲ್ಲಿನ ಬಳಿಯಲ್ಲಿ ಕುಳಿತಿದ್ದಾಳೆ.

ಹಾಗಾದರೆ ಯಾವ ಆಟ ಒಳ್ಳೆಯದು, ಯಾವುದು ಕೆಟ್ಟದ್ದು? ಇದಕ್ಕೆ ನಮ್ಮ ಮೀಮಾಂಸೆಯಲ್ಲಿ ಒಂದು ಅಳತೆಗೋಲು ಸಿಕ್ಕುತ್ತದೆ. ಭರತಮುನಿ ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಎರಡೆರಡನ್ನು ಉತ್ತಮ, ಮಧ್ಯಮ, ಅಧಮ ಪಾತ್ರಗಳಿಗೆ ಹಂಚಿಕೊಟ್ಟಿದ್ದಾನೆ. ಹಲ್ಲು ಎಷ್ಟು ಕಂಡಿತು, ದನಿ ಎಷ್ಟು ಕೇಳಿಸಿತು ಎಂಬುದರ ಮೇಲೆ ಮಾಡಿದ ವಿಂಗಡಣೆ ಇದು. ಇಂದು ನಾವು ಇದಕ್ಕೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕು: ಈ ನಗೆಯ ಖರ್ಚನ್ನು ಕೊಟ್ಟವರು ಯಾರು?

ಡಾ. ಎಂ. ಶಿವರಾಂ, ನಮ್ಮೆಲ್ಲರ 'ರಾಶಿ', 1942ರಲ್ಲಿ 'ಕೊರವಂಜಿ'ಯನ್ನು ಪ್ರಾರಂಭಿಸಿ 1967ರವರೆಗೆ ನಡೆಸಿದರು. ವೈದ್ಯರಾಗಿದ್ದ ಅವರಿಗೆ ನಗೆಯ ಬೆಲೆ ತಿಳಿದಿತ್ತು. ಯುದ್ಧಕಾಲದ ಅಭಾವದ ನಡುವೆ ಹುಟ್ಟಿದ ಆ ಪತ್ರಿಕೆ ಮಧ್ಯಮವರ್ಗದ ಮನೆಗಳಿಗೆ ತಮ್ಮ ಫಜೀತಿಗಳನ್ನೇ ನೋಡಿ ನಗುವುದನ್ನು ಕಲಿಸಿತು. ನಾ. ಕಸ್ತೂರಿಯವರ 'ಅನರ್ಥಕೋಶ' ನಿಘಂಟೆಂಬ ಗಂಭೀರ ವಸ್ತುವನ್ನೇ ಆಟಿಕೆ ಮಾಡಿತು. ಇವರಿಗೆ ಕನ್ನಡ ಋಣಿಯಾಗಿದೆ. ಆದರೆ ಆ ಕಾಲದ ಕನ್ನಡ ಹಾಸ್ಯವನ್ನು ಒಟ್ಟಾಗಿ ನೋಡಿದರೆ ಹೆಂಡತಿಯ ಸೀರೆ, ಹೆಂಡತಿಯ ಅಡಿಗೆ, ಹೆಂಡತಿಯ ತವರು ಎಂಬ ಮೂರು ಕಲ್ಲಿನ ಒಲೆಯ ಮೇಲೆ ಬೆಂದ ಹಾಸ್ಯವೇ ಹೆಚ್ಚು. ಗಂಡ ಆರಾಮಕುರ್ಚಿಯಲ್ಲಿ ಕುಳಿತು ಉಪ್ಪಿಟ್ಟಿನ ಗಂಟನ್ನು ಕುರಿತು ಚಾಟು ಹಾರಿಸುತ್ತಾನೆ. ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತಿರುವವಳು ಆ ಚಾಟಿಗೆ ವಸ್ತು. ಅವನಿಗೆ ದಿನ ಹಗುರವಾಯಿತು. ಅವಳಿಗೊ?

ಈ ಪ್ರಶ್ನೆಯನ್ನು ಕೋಪವಿಲ್ಲದೆ ಕೇಳಿದ ಲೇಖಕಿ ಟಿ. ಸುನಂದಮ್ಮ (1917–2006). 'ಕೊರವಂಜಿ'ಯ ಪುಟಗಳಿಂದಲೇ ಮೇಲೆ ಬಂದವರು. ಕನ್ನಡದ ಮೊದಲ ಹಾಸ್ಯಲೇಖಕಿಯೆಂದು ಹೆಸರಾದವರು. ಅವರ ಮಹತ್ವವನ್ನು 'ಮಹಿಳಾ ಸಾಹಿತ್ಯ'ದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ. ನಿಜವಾಗಿ ಅವರು ಮಾಡಿದ್ದು ಕುರ್ಚಿಯನ್ನು ಬದಲಾಯಿಸಿದ ಕೆಲಸ. ಅದೇ ಮನೆ, ಅದೇ ಅತಿಥಿ, ಅದೇ ತಿಂಗಳ ಕೊನೆಯ ಕೈಬಿಗಿ. ಆದರೆ ನೋಟ ಅಡಿಗೆಮನೆಯ ಬಾಗಿಲಿನಿಂದ. ಅಲ್ಲಿಂದ ನೋಡಿದಾಗ ಆರಾಮಕುರ್ಚಿಯೇ ವಿನೋದದ ವಸ್ತುವಾಗುತ್ತದೆ! ಮುಖ್ಯವಾದ ಅಂಶವೆಂದರೆ ಅವರ ನಗೆ ಸೇಡಿನ ನಗೆಯಲ್ಲ. ನಗುವವಳು ತನ್ನ ಮೇಲೂ ನಗುತ್ತಾಳೆ. ಆಟದಲ್ಲಿ ಎಲ್ಲರಿಗೂ ಒಂದೊಂದು ಸರದಿ ಇರಬೇಕೆಂಬ ನಿಯಮವನ್ನು ನಮ್ಮ ಹಾಸ್ಯಕ್ಕೆ ತಂದುಕೊಟ್ಟದ್ದು ಈ ನೋಟವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮೂರ್ತಿರಾಯರ ಪ್ರಬಂಧಗಳಿಗೆ ಸಿಕ್ಕ ಗಂಭೀರ ವಿಮರ್ಶೆಯ ಅರ್ಧದಷ್ಟೂ ಸುನಂದಮ್ಮನವರಿಗೆ ಸಿಕ್ಕದಿರುವುದು ನಮ್ಮ ವಿಮರ್ಶೆಯ ಲೋಪ.

ಸರದಿಯಿಲ್ಲದ ಆಟ ಯಾವ ಗತಿಗೆ ಬರುತ್ತದೆಂಬುದಕ್ಕೆ ಮಾರ್ಕ್ ಟ್ವೇನನ ಟಾಮ್ ಸಾಯರ್ ಒಳ್ಳೆಯ ಉದಾಹರಣೆ. 1876ರಲ್ಲಿ ಬಂದ ಆ ಕಾದಂಬರಿಯಲ್ಲಿ ಚಿಕ್ಕಮ್ಮ ಹೇಳಿದ ಬೇಲಿಗೆ ಸುಣ್ಣ ಬಳಿಯುವ ಕೆಲಸವನ್ನು ಟಾಮ್ ಮಹಾ ಸುಯೋಗವೆಂಬಂತೆ ನಟಿಸುತ್ತಾನೆ. ನೋಡಲು ಬಂದ ಹುಡುಗರು ತಮ್ಮಲ್ಲಿದ್ದ ಹಣ್ಣು, ಗೋಲಿಗಳನ್ನು ಲಂಚ ಕೊಟ್ಟು ಸುಣ್ಣ ಬಳಿಯುತ್ತಾರೆ. ಟಾಮ್ ನೆರಳಿನಲ್ಲಿ ಕೂರುತ್ತಾನೆ. ಕೆಲಸ ಆಟವಾಗುವ ರಹಸ್ಯವನ್ನು ಟ್ವೇನ್ ಬಲ್ಲ. ಆ ರಹಸ್ಯ ಯಾರ ಕೈಗೆ ಸಿಕ್ಕಿದರೆ ಏನಾಗುತ್ತದೆಂಬುದನ್ನೂ ಬಲ್ಲ.

ಇಂದು ಈ ಟಾಮ್ ಎಲ್ಲರ ಅಂಗೈಯಲ್ಲಿಯೂ ಇದ್ದಾನೆ. ಮೊಬೈಲು ನಮ್ಮ ಹೆಜ್ಜೆಗಳನ್ನು ಎಣಿಸುತ್ತದೆ, ಅಂಕ ಕೊಡುತ್ತದೆ, ಪದಕ ತೋರಿಸುತ್ತದೆ. ಬಾಳನ್ನು ಆಟ ಮಾಡಿಕೊಳ್ಳಿ, ಸುಖವಾಗಿರಿ ಎಂಬ ಉಪದೇಶ ಎಲ್ಲ ಕಡೆಯಿಂದಲೂ ಕೇಳಿಬರುತ್ತಿದೆ. ಮುಂಜಾನೆ ತಿರುಗಾಡುವವರಿಗೆ ಇದು ನಿರಪಾಯವಾದ ಮೋಜು, ಬೇಡವೆನ್ನುವವರು ಯಾರು? ಆದರೆ ಮನೆಬಾಗಿಲಿಗೆ ಊಟ ತರುವ ಹುಡುಗ ಇಷ್ಟು ಹೊತ್ತಿಗೆ ಇಷ್ಟು ಮನೆ ಮುಟ್ಟಿದರೆ ಇಷ್ಟು ಹೆಚ್ಚಿನ ಹಣವೆಂಬ ಲೆಕ್ಕದ ಹಿಂದೆ ಬಿಸಿಲಿನಲ್ಲಿ ಗಾಡಿ ಓಡಿಸುವಾಗ ಅದನ್ನು ಆಟವೆನ್ನಬಹುದೆ? ಹೊರಗಿನವರು ಹೂಡಿದ ಪಣಕ್ಕೆ ನಾವು ಓಡಿದರೆ ಅದು ಆಟವಲ್ಲ, ಜೂಜು. ಕುಮಾರವ್ಯಾಸನನ್ನು ಓದಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ದಾಳ ಉರುಳಿದ್ದು ಹೆಸರಿಗೆ ವಿನೋದಕ್ಕಾಗಿ. ಶಕುನಿ ಮಾತ್ರ ಒಂದು ಕ್ಷಣವೂ ಆಡಲಿಲ್ಲ, ಗಳಿಸಿದ. ರಾಗಿಕಲ್ಲಿನ ಹಾಡಿನಲ್ಲಿ ಗೆದ್ದವರಾರು? ಯಾರೂ ಇಲ್ಲ, ಹಿಟ್ಟು ಮಾತ್ರ ಉದುರಿತು, ಹೊತ್ತು ಸರಿಯಿತು. ಅದೇ ಅದರ ಪವಿತ್ರತೆ.

ಇನ್ನೊಂದು ಎಲ್ಲೆಯನ್ನೂ ಗುರುತಿಸಬೇಕು. ನಮ್ಮ ಜಿಲ್ಲೆಯ ಬಯಲುಸೀಮೆಯಲ್ಲಿ ನೀರಿಗಾಗಿ ಕೊಡ ಹೊತ್ತು ನಡೆದ ಹೆಂಗಸರ ನಡಿಗೆಯನ್ನು ಯಾವ ಪ್ರಬಂಧಕಾರನೂ ಲೀಲೆಯೆಂದು ವರ್ಣಿಸಬಾರದು. ಅವರು ದಾರಿಯಲ್ಲಿ ನಕ್ಕರೆ, ಹಾಡಿದರೆ, ಆ ನಗೆಯೂ ಹಾಡೂ ಅವರ ಸ್ವತ್ತು. ಅದನ್ನು ಎತ್ತಿ ತೋರಿಸಿ 'ನೋಡಿ, ಇವರು ಸುಖವಾಗಿದ್ದಾರೆ' ಎನ್ನುವ ಹಕ್ಕು ನಮಗಿಲ್ಲ. ನಲ್ಲಿಯಲ್ಲಿ ನೀರು ಬರಬೇಕಾದದ್ದು ನ್ಯಾಯದ ಪ್ರಶ್ನೆ. ಅದಕ್ಕೆ ಒಗಟು ಉತ್ತರವಲ್ಲ. ಒಳ್ಳೆಯ ಹರಟೆಗಾರನಿಗೆ ಯಾವಾಗ ನಗಬೇಕೆಂಬುದರಷ್ಟೇ ಯಾವಾಗ ನಗೆಯನ್ನು ನಿಲ್ಲಿಸಬೇಕೆಂಬುದೂ ತಿಳಿದಿರುತ್ತದೆ.

ಹೀಗೆ ಎಲ್ಲೆಕಟ್ಟುಗಳನ್ನು ಹಾಕಿದ ಮೇಲೆ ಉಳಿಯುವುದೇನು? ಉಳಿಯುವುದು ಒಂದು ನೋಟ. ವಸ್ತುವನ್ನು ಅದರ ಉಪಯೋಗದಿಂದ ಒಂದು ಗಳಿಗೆ ಬಿಡಿಸಿ, ಅದು ಇರುವಂತೆಯೇ ನೋಡಿ ಸಂತೋಷಪಡುವ ನೋಟ. ಇದು ವಿನೋದಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮೂರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ನಾಡಿಗೆಲ್ಲ ಪರಿಚಯ ಮಾಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರನ್ನು (1872–1943) ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸುವುದರಲ್ಲಿ ಮುಂದಾಳಾಗಿ, ಮುಂದೆ 'ಜೀವವಿಜ್ಞಾನ'ವನ್ನು ಬರೆದು, 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಆ ಹಿರಿಯರು ಹರಟೆ ಬರೆದವರಲ್ಲ, ಶಿಸ್ತಿನ ಮನುಷ್ಯರು. ಆದರೆ ಕಾಲಿನ ಕೆಳಗಿನ ಹುಲ್ಲಿನಲ್ಲಿ, ಕುಡಿಯುವ ನೀರಿನಲ್ಲಿ ನೋಡತಕ್ಕದ್ದು ಇದೆ ಎಂದು ಕನ್ನಡಿಗನನ್ನು ಕರೆದು ತೋರಿಸುವುದೇ ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವುದರ ಅರ್ಥ. ವಿಜ್ಞಾನಿ ಹುಲ್ಲನ್ನು ನೋಡಿ 'ಏಕೆ?' ಎನ್ನುತ್ತಾನೆ, ಹರಟೆಗಾರ ಅದೇ ಹುಲ್ಲನ್ನು ನೋಡಿ 'ಹೀಗಿದ್ದರೆ?' ಎನ್ನುತ್ತಾನೆ. ಎರಡೂ ಪ್ರಶ್ನೆಗಳಿಗೆ ತಾಯಿ ಒಬ್ಬಳೇ, ಕುತೂಹಲ. ಕುತೂಹಲ ಸತ್ತ ಮನೆಯಲ್ಲಿ ಎಷ್ಟು ಅನುಕೂಲವಿದ್ದರೂ ದಿನ ಉದ್ದವಾಗುತ್ತದೆ.

ನಗರವಾಸಿಗಳಾದ ನಮ್ಮ ವಾಚಕರಿಗೆ ದಿನಗಳು ಉದ್ದವಾಗಿರುವುದು ನನಗೆ ತಿಳಿದ ವಿಷಯವೇ. ಬಸ್ಸಿನ ಸಾಲು, ಕಚೇರಿಯ ಕಡತ, ಮನೆಯ ಬಾಡಿಗೆ, ಮಕ್ಕಳ ಅಂಕಪಟ್ಟಿ, ಇವು ಒಂದೊಂದೂ ಒಂದೊಂದು ಖಿರ್ದಿ ಪುಸ್ತಕವೇ ಸರಿ. ಇವನ್ನು ಎಸೆದು ಓಡುವಂತಿಲ್ಲ. ಆದರೆ ಒಂದು ಗಳಿಗೆ ತಿರುಗಿಸಿ ನೋಡಿದರೆ ಅವುಗಳ ಬೆನ್ನ ಮೇಲೆ ಎಷ್ಟು ತಮಾಷೆಯಾದ ಚಿತ್ತಾರಗಳಿವೆ! ಮೂರ್ತಿರಾಯರು, ರಾಶಿ, ಸುನಂದಮ್ಮ, ಇವರು ಮಾಡಿದ ಉಪಕಾರ ಇಷ್ಟೆ: ಪುಸ್ತಕವನ್ನು ತಿರುಗಿಸಿ ಹಿಡಿದು ತೋರಿಸಿದರು.

ಆದ್ದರಿಂದ ಪಠ್ಯ ರಚಿಸುವ ಮಿತ್ರರಲ್ಲಿ ನನ್ನ ವಿನಂತಿ ಒಂದಿದೆ. ಹರಟೆಯನ್ನು ದಣಿವಾರಿಸುವ ಪಾಠವೆಂದು ಇಡಬೇಡಿ. ಕಾವ್ಯಕ್ಕೆ ಕೇಳುವ ಕಠಿನ ಪ್ರಶ್ನೆಗಳನ್ನು ಅದಕ್ಕೂ ಕೇಳಿ. ಇಲ್ಲಿ ನಗುತ್ತಿರುವವರು ಯಾರು, ನಗೆಯ ಖರ್ಚು ಯಾರದು, ಇನ್ನೊಬ್ಬರಿಗೆ ಸರದಿ ಸಿಕ್ಕಿತೆ, ನಕ್ಕ ಮೇಲೆ ವಸ್ತು ಇನ್ನಷ್ಟು ಸ್ಪಷ್ಟವಾಗಿ ಕಂಡಿತೆ ಎಂದು ವಿದ್ಯಾರ್ಥಿ ವಿಚಾರ ಮಾಡಲಿ. ಈ ನಾಲ್ಕಕ್ಕೂ ಉತ್ತರ ಕೊಡಬಲ್ಲ ಹರಟೆ ನಮ್ಮ ಸಾಹಿತ್ಯದಲ್ಲಿ ಉಪ್ಪಿನಕಾಯಿಯ ಜಾಗದಲ್ಲಿ ಕೂರತಕ್ಕದ್ದಲ್ಲ. ಉತ್ತರ ಕೊಡಲಾರದ್ದು ಎಷ್ಟೇ ಲವಲವಿಕೆಯಿಂದಿದ್ದರೂ ಎಲೆಯ ಮೇಲಿನಿಂದ ಎತ್ತಿಡಬಹುದು.